ಹುಳು ಮನೆಗೊಂದು ಮೀಟರ್: ಮನೆಯಲ್ಲೇ ಸೋಲ್ಡರಿಂಗ್ ಮಾಡುವ ಬಗೆ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಬೆಳೆಯುವವರ ತಲೆಯಲ್ಲಿ ಸದಾ ಓಡುವ ಲೆಕ್ಕ ಎರಡು. ಹುಳು ಮನೆಯಲ್ಲಿ ಶಾಖ ಎಷ್ಟಿದೆ, ತೇವ ಎಷ್ಟಿದೆ? ಚಾಕಿ ಹುಳುವಿಗೆ, ಅಂದರೆ ಮೊಟ್ಟೆಯೊಡೆದ ಎಳೆ ಹುಳುವಿಗೆ, 27-28 ಡಿಗ್ರಿ ಶಾಖ ಬೇಕು, ತೇವ ಶೇ. 80ಕ್ಕಿಂತ ಜಾಸ್ತಿ ಇರಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ 24-25 ಡಿಗ್ರಿ ಸಾಕು, ತೇವವೂ ಶೇ. 70ರ ಆಸುಪಾಸಿಗೆ ಇಳಿಯಬೇಕು. ಇದನ್ನು ತೋರಿಸುವ ಚಿಕ್ಕ ಮೀಟರ್ ಒಂದನ್ನು ನಾವೇ ಮಾಡಿಕೊಳ್ಳಬಹುದು. ಡಿಎಚ್‌ಟಿ22 ಅನ್ನುವ ಸೆನ್ಸರ್, ಪ್ರೋಗ್ರಾಂ ತುಂಬಿ ಓಡಿಸುವ ಆರ್ಡುಯಿನೊ ನ್ಯಾನೊ ಬೋರ್ಡ್ ಒಂದು, ಚಿಕ್ಕದೊಂದು ಒಎಲ್‌ಇಡಿ ಡಿಸ್‌ಪ್ಲೇ, ಮೂರು ರೆಸಿಸ್ಟರ್, ಎರಡು ಎಲ್‌ಇಡಿ. ಸಾಮಾನು ಇಷ್ಟೇ. ಪ್ರೋಗ್ರಾಂ ಹುಡುಕಿದರೆ ಸಿದ್ಧವಾಗಿಯೇ ಸಿಗುತ್ತದೆ.

ಬಹಳ ಮಂದಿ ಇದನ್ನು ಬ್ರೆಡ್‌ಬೋರ್ಡ್ ಮೇಲೆ ವೈರ್ ಚುಚ್ಚಿ ಮಾಡುತ್ತಾರೆ. ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತದೆ. ಹುಳು ಮನೆಗೆ ಒಯ್ದು ನೇತು ಹಾಕಿದರೆ ಮಾತ್ರ ಹೆಚ್ಚು ದಿನ ಬಾಳುವುದಿಲ್ಲ. ಅಲ್ಲಿನ ತೇವಕ್ಕೆ ಚುಚ್ಚಿದ ಪಿನ್ನುಗಳು ಕಪ್ಪಾಗುತ್ತವೆ, ತಟ್ಟೆ ಎತ್ತಿ ಇಡುವಾಗ ಕೈ ತಾಗಿ ವೈರ್ ಸಡಿಲವಾಗುತ್ತದೆ. ಬೆಸುಗೆ ಹಾಕಲೇಬೇಕು. ಹಾಗಾಗಿ ಈ ಮೀಟರ್ ನೆಪದಲ್ಲಿ ಸೋಲ್ಡರಿಂಗ್ ಅನ್ನು ಮೊದಲಿನಿಂದ ಕಲಿಯೋಣ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಕೆಟ್ಟ ಬೆಸುಗೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಸೋಲ್ಡರಿಂಗ್ ಐರನ್ನಿನ ಕಾದ ತುದಿಯಲ್ಲಿ ಸೋಲ್ಡರ್ (ಬೆಸುಗೆಗೆ ಕರಗಿಸುವ ಲೋಹದ ತಂತಿ) ಕರಗಿಸಿಕೊಂಡು ತಂದು ತಣ್ಣಗಿರುವ ಜಾಗದ ಮೇಲೆ ಮೆತ್ತುವುದು. ನಾವು ಕಾಯಿಸಬೇಕಾದದ್ದು ಬೋರ್ಡಿನ ತಾಮ್ರವನ್ನು ಮತ್ತು ಬಿಡಿಭಾಗದ ಕಾಲನ್ನು. ಅವೆರಡೂ ಕಾದರೆ ಸೋಲ್ಡರ್ ತಾನಾಗಿ ಕರಗಿ, ತಾನಾಗಿ ಹರಿದು, ಹಿಡಿದುಕೊಳ್ಳುತ್ತದೆ. ಕೆಳಗೆ ಹೇಳುವ ಸಾಮಾನು, ಜಾಗ, ಸ್ವಚ್ಛತೆ ಎಲ್ಲ ಈ ಒಂದು ಕೆಲಸಕ್ಕಾಗಿಯೇ.

ಏನೇನು ಕೊಳ್ಳಬೇಕು

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಊರಲ್ಲಿ ಟಿವಿ, ಮೊಬೈಲ್ ರಿಪೇರಿಯವರಿಗೆ ಸಾಮಾನು ಮಾರುವ ಅಂಗಡಿಗಳಿವೆ. ಐರನ್, ಸೋಲ್ಡರ್, ಪೇಸ್ಟ್, ಕಟರ್ ಅಲ್ಲೇ ಸಿಗುತ್ತವೆ. ಸೆನ್ಸರ್, ನ್ಯಾನೊ ಬೋರ್ಡ್ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು, ಇಲ್ಲವೇ ಆನ್‌ಲೈನ್ ತರಿಸಬೇಕು.

ಮೊದಲು ಐರನ್. ಬೋರ್ಡ್ ಕೆಲಸಕ್ಕೆ 25 ವ್ಯಾಟಿನದು ಸಾಕು. ಸೋಲ್ಡ್ರಾನ್ ಕಂಪನಿಯ 25 ವ್ಯಾಟ್ ಐರನ್ ನಮ್ಮ ಕಡೆ ರಿಪೇರಿ ಮೇಜುಗಳ ಮೇಲೆ ಸಾಮಾನ್ಯವಾಗಿ ಕಾಣುತ್ತದೆ. ಸ್ವಲ್ಪ ಜಾಸ್ತಿ ದುಡ್ಡು ಹಾಕುವ ಹಾಗಿದ್ದರೆ, ಶಾಖವನ್ನು ಡಿಗ್ರಿ ಲೆಕ್ಕದಲ್ಲಿ ಇಟ್ಟುಕೊಳ್ಳಬಹುದಾದ 60 ವ್ಯಾಟಿನ ಐರನ್ ತೆಗೆದುಕೊಳ್ಳಿ. ವ್ಯಾಟ್ ಜಾಸ್ತಿ ಇದ್ದರೂ ಅದು ನೀವು ಹೇಳಿದ ಶಾಖದಲ್ಲೇ ನಿಲ್ಲುತ್ತದೆ.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕಾರಣಕ್ಕೂ ಇದು ಒಳ್ಳೆಯದು. ಸಂಜೆ ಹೊತ್ತು ವೋಲ್ಟೇಜ್ 230ರಿಂದ 190ಕ್ಕೆ ಇಳಿಯುವುದು ಹೊಸತೇನಲ್ಲ, ಅಲ್ವಾ? ಸಾದಾ ಐರನ್ನಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಅಂದರೆ 190 ವೋಲ್ಟಿಗೆ ನಿಮ್ಮ 25 ವ್ಯಾಟ್ ಐರನ್ ಬರೀ 17 ವ್ಯಾಟಿನದಾಗುತ್ತದೆ. ಸೋಲ್ಡರ್ ಏನೋ ಕರಗುತ್ತದೆ, ಆದರೆ ಜಾಗ ಕಾಯುವುದಿಲ್ಲ. ಬೆಳಿಗ್ಗೆ ಚೆನ್ನಾಗಿ ಬಂದ ಬೆಸುಗೆ ಸಂಜೆ ಕೈಕೊಟ್ಟರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ, ಮೊದಲು ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ವೋಲ್ಟೇಜ್ ನೋಡಿ.

ಐರನ್ನಿನ ಕಾಯುವ ತುದಿಗೆ ಬಿಟ್ ಅನ್ನುತ್ತಾರೆ. ಅದರಲ್ಲಿ ಎರಡು ಜಾತಿ. ಕಡಿಮೆ ಬೆಲೆಯ ಐರನ್ ಜೊತೆ ಬರುವುದು ಸಾಮಾನ್ಯವಾಗಿ ಬರೀ ತಾಮ್ರದ ಬಿಟ್. ಬಳಸುತ್ತಾ ಹೋದ ಹಾಗೆ ತಾಮ್ರ ಸೋಲ್ಡರಿನಲ್ಲಿ ಕರಗಿ, ತುದಿಯಲ್ಲಿ ಗುಳಿ ಬೀಳುತ್ತದೆ. ಆಗ ಐರನ್ ತಣ್ಣಗಿರುವಾಗ ಅರದಿಂದ ಉಜ್ಜಿ ಸರಿ ಮಾಡಿಕೊಳ್ಳಬಹುದು. ಇನ್ನೊಂದು, ತಾಮ್ರದ ಮೇಲೆ ಕಬ್ಬಿಣದ ಲೇಪ ಕೊಟ್ಟ ಬಿಟ್. ಇದು ಬಹಳ ಕಾಲ ಬರುತ್ತದೆ, ಆದರೆ ಇದಕ್ಕೆ ಅರ, ಮರಳು ಕಾಗದ, ಬ್ಲೇಡು ಯಾವುದನ್ನೂ ತಾಗಿಸಬಾರದು. ಲೇಪ ಹೋದರೆ ಬಿಟ್ ಹೋಯಿತು. ಯಾವುದು ಅಂತ ಗೊತ್ತಾಗದಿದ್ದರೆ ಕೊಳ್ಳುವಾಗಲೇ ಕೇಳಿ. ತುದಿಯ ಆಕಾರ ಉಳಿಯಂತೆ ಚಪ್ಪಟೆ ಇರಲಿ. ಸೂಜಿಯಂತೆ ಚೂಪಾದದ್ದು ನೋಡಲು ಚಂದ, ಆದರೆ ಅದರ ತುದಿ ಜಾಗಕ್ಕೆ ತಾಗುವುದೇ ಒಂದು ಚುಕ್ಕೆಯಷ್ಟು, ಶಾಖ ದಾಟುವುದಿಲ್ಲ. ಹೊಸಬರಿಗೆ ಚೂಪು ಬಿಟ್ ಕೊಡುವುದನ್ನು ನಾನಂತೂ ಒಪ್ಪುವುದಿಲ್ಲ.

ಸೋಲ್ಡರ್ ವೈರಿನ ಮೇಲೆ 60/40 ಅಂತ ಬರೆದಿರುತ್ತದೆ. 60 ಪಾಲು ತವರ, 40 ಪಾಲು ಸೀಸ. 183 ಡಿಗ್ರಿಗೆ ಮೆತ್ತಗಾಗಲು ಶುರುವಾಗಿ, 190ರ ಹತ್ತಿರ ಪೂರ್ತಿ ನೀರಾಗುತ್ತದೆ. 63/37 ಅನ್ನುವುದೂ ಸಿಗುತ್ತದೆ. ಅದು ಸರಿಯಾಗಿ 183ಕ್ಕೆ ಒಂದೇ ಸಲ ಕರಗುತ್ತದೆ, ಒಂದೇ ಸಲ ಗಟ್ಟಿಯಾಗುತ್ತದೆ. ನಡುವೆ ಅಂಬಲಿಯಂತಹ ಹದ ಇಲ್ಲ. ಹಾಗಾಗಿ ಕೈ ಸ್ವಲ್ಪ ಅಲ್ಲಾಡಿದರೂ ಬೆಸುಗೆ ಕೆಡುವುದು ಕಡಿಮೆ. ಸಿಕ್ಕರೆ ಇದನ್ನೇ ತೆಗೆದುಕೊಳ್ಳಿ. ಸೀಸ ಇಲ್ಲದ ಸೋಲ್ಡರಿಗೆ 217ರಿಂದ 220 ಡಿಗ್ರಿ ಬೇಕು. ಕಲಿಯುವಾಗ ಅದು ಕಷ್ಟ, ಕೈ ಪಳಗಿದ ಮೇಲೆ ಹಿಡಿಯಬಹುದು. ದಪ್ಪ 22 ಗೇಜ್ ಇರಲಿ, ಅಂದರೆ ಸುಮಾರು 0.7 ಮಿ.ಮೀ. ಅಂಗಡಿಯಲ್ಲಿ ಕೈಗೆ ಸಿಗುವ 18 ಗೇಜ್ ದಪ್ಪದ್ದು, ಬೋರ್ಡಿನ ಚಿಕ್ಕ ಜಾಗಕ್ಕೆ ಜಾಸ್ತಿ ಸುರಿಯುತ್ತದೆ.

ಒಳ್ಳೆಯ ಸೋಲ್ಡರ್ ವೈರಿನ ಒಳಗೆ ಟೊಳ್ಳು ಇದ್ದು, ಅದರಲ್ಲಿ ರೋಸಿನ್ ತುಂಬಿರುತ್ತದೆ. ರೋಸಿನ್ ಅಂದರೆ ಪೈನ್ ಮರದ ಅಂಟಿನಿಂದ ಮಾಡಿದ್ದು. ಕಾದಾಗ ಅದು ತಾಮ್ರದ ಮೇಲಿನ ಕಪ್ಪನ್ನು ತಿಂದು ಸೋಲ್ಡರ್ ಹರಿಯಲು ದಾರಿ ಮಾಡುತ್ತದೆ. ಚಿಕ್ಕ ಡಬ್ಬಿಯಲ್ಲಿ ಸಿಗುವ ಪೇಸ್ಟ್ ಕೂಡ ಇದೇ ಕೆಲಸಕ್ಕೆ. ಹಳೆಯ ವೈರ್, ಕಪ್ಪಾದ ಕಾಲುಗಳಿಗೆ ಒಂದಿಷ್ಟು ಹಚ್ಚಬಹುದು. ಆದರೆ ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ, ತಗಡಿನ ಕೆಲಸದವರು ಬಳಸುವ ಆಸಿಡ್ ಬೋರ್ಡಿನ ಹತ್ತಿರವೂ ಬರಬಾರದು. ಬೆಸುಗೆ ಬಹಳ ಚೆನ್ನಾಗಿಯೇ ಕೂರುತ್ತದೆ, ಆದರೆ ಉಳಿದ ಉಪ್ಪು ತೇವ ಎಳೆದುಕೊಂಡು ಕೆಲವೇ ತಿಂಗಳಲ್ಲಿ ತಾಮ್ರವನ್ನು ಹಸಿರು ಮಾಡಿ ತಿಂದುಹಾಕುತ್ತದೆ.

ಇವುಗಳ ಜೊತೆ ಐರನ್ ಸ್ಟ್ಯಾಂಡ್, ಚಿಕ್ಕ ಕಟರ್, ನೋಸ್ ಪ್ಲೈಯರ್, ಸೋಲ್ಡರ್ ಎಳೆಯುವ ಪಂಪ್, ಮಲ್ಟಿಮೀಟರ್, ಹಿತ್ತಾಳೆ ತಂತಿಯ ಉಂಡೆ ಅಥವಾ ಒದ್ದೆ ಸ್ಪಂಜು, ಐಸೋಪ್ರೊಪೈಲ್ ಆಲ್ಕೋಹಾಲ್, ಒಂದು ಹಳೆಯ ಟೂತ್‌ಬ್ರಷ್, ಕಣ್ಣಿಗೆ ಸಾದಾ ಕನ್ನಡಕ. ಸ್ಟ್ಯಾಂಡ್ ಇಲ್ಲದೆ ಐರನ್ ಆನ್ ಮಾಡಬೇಡಿ. ತಟ್ಟೆಯ ಅಂಚಿಗೆ ಒರಗಿಸಿದ ಐರನ್ ಉರುಳಿದರೆ ಕೈ ತಾನಾಗಿ ಅದನ್ನು ಹಿಡಿಯಲು ಹೋಗುತ್ತದೆ.

ಬೋರ್ಡಿಗೆ ಡಾಟ್ ಪಿಸಿಬಿ ತನ್ನಿ, ಸಾಲುಸಾಲು ತೂತಿರುವುದು. ಕಂದು ಬಣ್ಣದ್ದು ಅಗ್ಗ, ಆದರೆ ಶಾಖ ಸ್ವಲ್ಪ ಜಾಸ್ತಿಯಾದರೂ ತಾಮ್ರದ ಬಿಲ್ಲೆ ಕಿತ್ತು ಬರುತ್ತದೆ. ಹಸಿರು ಗ್ಲಾಸ್ ಎಪಾಕ್ಸಿ ಬೋರ್ಡ್ ಕಲಿಯುವವರ ತಪ್ಪನ್ನು ತಡೆದುಕೊಳ್ಳುತ್ತದೆ.

ಕೂರುವ ಜಾಗ

ನಮ್ಮ ಕಡೆ ಮನೆ ಕಟ್ಟಿ ಉಳಿದ ಟೈಲ್ಸ್, ಗ್ರಾನೈಟ್ ತುಂಡು ಯಾರ ಹಿತ್ತಲಲ್ಲೂ ಸಿಗುತ್ತದೆ. ಮೇಜಿನ ಮೇಲೆ ಅದೊಂದನ್ನು ಹಾಸಿದರೆ ಸುಡುವ ಭಯ ಇಲ್ಲ, ಬಿದ್ದ ಸೋಲ್ಡರ್ ಹನಿಯನ್ನು ಎಬ್ಬಿಸುವುದೂ ಸುಲಭ. ಬೋರ್ಡನ್ನು ಮಾತ್ರ ನೇರ ಕಲ್ಲಿನ ಮೇಲೆ ಒತ್ತಿ ಇಡಬೇಡಿ. ಕಲ್ಲು ಶಾಖ ಎಳೆದುಕೊಳ್ಳುತ್ತದೆ. ನಡುವೆ ಒಂದು ಮರದ ಚೂರು ಇಡಿ.

ಕಿಟಕಿ ಪಕ್ಕ ಕೂತುಕೊಳ್ಳಿ. ಸೀಲಿಂಗ್ ಫ್ಯಾನ್ ಆಫ್ ಮಾಡಿ. ಅದರ ಗಾಳಿ ಬೆಸುಗೆಯನ್ನೂ ತಣ್ಣಗೆ ಮಾಡುತ್ತದೆ, ಹೊಗೆಯನ್ನು ಮುಖಕ್ಕೂ ತಳ್ಳುತ್ತದೆ. ಚಿಕ್ಕ ಟೇಬಲ್ ಫ್ಯಾನನ್ನು ಕಿಟಕಿಯ ಕಡೆ ಮುಖ ಮಾಡಿ ಇಟ್ಟರೆ ಹೊಗೆ ಹೊರಗೆ ಹೋಗುತ್ತದೆ. ಆ ಹೊಗೆ ಸೀಸದ್ದಲ್ಲ, ಈ ಶಾಖಕ್ಕೆ ಸೀಸ ಆವಿಯಾಗುವುದಿಲ್ಲ. ಅದು ರೋಸಿನ್ ಹೊಗೆ, ಉಬ್ಬಸ ಇರುವವರಿಗೆ ಅದೇ ಸಾಕು. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ಕೆಲಸದ ನಡುವೆ ಕಾಫಿ, ಕಡಲೆಬೀಜ ಬೇಡ. ಸೋಲ್ಡರ್ ವೈರನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಬಿಟ್ಟುಬಿಡಿ. ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಗುಡಿಸಿದ ಚೂರುಗಳನ್ನು ತಿಪ್ಪೆಗೆ ಹಾಕಬೇಡಿ, ತಿಪ್ಪೆ ಹೋಗುವುದು ಹೊಲಕ್ಕೆ. ಒಂದು ಡಬ್ಬಿಯಲ್ಲಿ ತುಂಬಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ರೇಷ್ಮೆ ಮನೆಯವರಿಗೆ ಇನ್ನೊಂದು ಮಾತು. ಹುಳುವಿಗೆ ಹೊಗೆ ಆಗಿಬರುವುದಿಲ್ಲ. ಹುಳು ಮನೆ, ಸೊಪ್ಪಿಡುವ ಕೋಣೆ ಎರಡರಿಂದಲೂ ದೂರ ಕೂತು ಈ ಕೆಲಸ ಮಾಡಿ. ಕೈ ತೊಳೆಯದೆ ಸೊಪ್ಪು ಮುಟ್ಟಬೇಡಿ.

ಐರನ್ನಿಗೆ ಮೂರು ಪಿನ್ನಿನ ಪ್ಲಗ್ ಇರಲಿ, ಮನೆಯ ಅರ್ತಿಂಗ್ ಸರಿಯಾಗಿರಲಿ. ಟೆಸ್ಟರ್ ಅನ್ನು ಬಿಟ್ಟಿಗೆ ತಾಗಿಸಿದಾಗ ದೀಪ ಹತ್ತಿದರೆ ಆ ಐರನ್ ಬಳಸಬೇಡಿ. ಸೋರುವ ಕರೆಂಟಿನಿಂದ ಸೆನ್ಸರೂ ಹೋಗುತ್ತದೆ, ನಿಮಗೂ ಅಪಾಯ.

ಬಿಟ್ ತಯಾರಿ

ಹೊಸ ಐರನ್ನನ್ನು ಸುಮ್ನೆ ಅರ್ಧ ಗಂಟೆ ಕಾಯಿಸಿ ಬಿಡಬೇಡಿ. ಸೋಲ್ಡರ್ ಹತ್ತದೆ ಕಾದ ಬಿಟ್ ಕಪ್ಪಾಗುತ್ತದೆ, ಕಪ್ಪಾದ ಬಿಟ್ಟಿನಿಂದ ಶಾಖ ದಾಟುವುದಿಲ್ಲ. ತಣ್ಣಗಿರುವಾಗಲೇ ತುದಿಗೆ ಸೋಲ್ಡರ್ ವೈರನ್ನು ನಾಲ್ಕೈದು ಸುತ್ತು ಸುತ್ತಿ, ಆಮೇಲೆ ಆನ್ ಮಾಡಿ. ಕಾದ ಹಾಗೆ ಅದು ಕರಗಿ ತುದಿಯನ್ನೆಲ್ಲ ಆವರಿಸುತ್ತದೆ. ಹಿತ್ತಾಳೆ ಉಂಡೆಯಲ್ಲಿ ಒಂದು ಸಲ ಚುಚ್ಚಿ ತೆಗೆಯಿರಿ. ತುದಿ ಬೆಳ್ಳಗೆ ಕನ್ನಡಿಯಂತೆ ಹೊಳೆಯಬೇಕು. ಇನ್ನು ಮುಂದೆ ಆ ಹೊಳಪನ್ನು ಕಾಯುವುದೇ ಕೆಲಸ. ಸ್ಪಂಜು ಬಳಸುವವರು ಅದನ್ನು ಚೆನ್ನಾಗಿ ಹಿಂಡಿ ಇಟ್ಟುಕೊಳ್ಳಿ. ನೀರು ತೊಟ್ಟಿಕ್ಕುವ ಸ್ಪಂಜು ಒಂದೇ ಸಲಕ್ಕೆ ಬಿಟ್ಟನ್ನು ತಣ್ಣಗೆ ಮಾಡಿಬಿಡುತ್ತದೆ. ಪಾತ್ರೆ ತೊಳೆಯುವ ಸ್ಟೀಲ್ ಸ್ಕ್ರಬ್ಬರ್ ಬೇಡ, ಲೇಪ ಗೀರುತ್ತದೆ. ಶಾಖ ಇಡಬಹುದಾದ ಐರನ್ ಇದ್ದರೆ 60/40, 63/37 ಎರಡಕ್ಕೂ 320ರಿಂದ 350 ಡಿಗ್ರಿ ಇಡಿ, ಸೀಸವಿಲ್ಲದ್ದಕ್ಕೆ 350ರಿಂದ 380.

ಒಂದು ಬೆಸುಗೆ, ನಿಧಾನವಾಗಿ

ಮೀಟರಿಗೆ ಕೈ ಹಾಕುವ ಮೊದಲು ಖಾಲಿ ಡಾಟ್ ಬೋರ್ಡಿನ ಮೇಲೆ ಅಗ್ಗದ ರೆಸಿಸ್ಟರ್‌ಗಳನ್ನು ಹಾಕಿ ಅಭ್ಯಾಸ ಮಾಡಿ. ರಿಪೇರಿ ಅಂಗಡಿಯವರು ಬಿಸಾಡುವ ಹಳೆಯ ಬೋರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು.

1. ಬೋರ್ಡಿನ ತಾಮ್ರ ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹೊಳಪು ತನ್ನಿ. ರೆಸಿಸ್ಟರಿನ ಕಾಲನ್ನು ಬುಡದಿಂದ ಒಂದೆರಡು ಮಿ.ಮೀ. ಬಿಟ್ಟು ಬಗ್ಗಿಸಿ, ತೂತಿಗೆ ಇಳಿಸಿ. ಹಿಂದೆ ಕಾಲುಗಳನ್ನು ಸ್ವಲ್ಪ ಅಗಲಿಸಿದರೆ ಬೋರ್ಡ್ ಮಗುಚಿದಾಗ ಬೀಳುವುದಿಲ್ಲ.

2. ಬಿಟ್ ಒರೆಸಿ, ತುದಿಗೆ ಕೂದಲಷ್ಟು ಹೊಸ ಸೋಲ್ಡರ್ ತಾಗಿಸಿ. ಈ ಒದ್ದೆ ತುದಿಯೇ ಶಾಖ ದಾಟುವ ಸೇತುವೆ. ಒಣ ಬಿಟ್ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ.

3. ಬಿಟ್ಟಿನ ಚಪ್ಪಟೆ ಮುಖ ತಾಮ್ರದ ಬಿಲ್ಲೆಗೂ ತಾಗಬೇಕು, ಕಾಲಿಗೂ ತಾಗಬೇಕು, ಎರಡಕ್ಕೂ ಒಟ್ಟಿಗೆ. ಸುಮಾರು 45 ಡಿಗ್ರಿ ಓರೆಯಲ್ಲಿ ಹಿಡಿದರೆ ಆಗುತ್ತದೆ. ಒತ್ತಬೇಡಿ, ತಾಗಿಸಿ. ಮನಸ್ಸಿನಲ್ಲಿ ಒಂದು, ಎರಡು ಎಣಿಸಿ.

4. ಈಗ ಸೋಲ್ಡರ್ ವೈರನ್ನು ಎದುರು ಬದಿಯಿಂದ ತನ್ನಿ. ಬಿಟ್ಟಿಗೆ ಅಲ್ಲ, ಕಾಲು ಮತ್ತು ಬಿಲ್ಲೆ ಸೇರುವ ಮೂಲೆಗೆ ತಾಗಿಸಿ. ಜಾಗ ಕಾದಿದ್ದರೆ ಕೂಡಲೇ ಕರಗುತ್ತದೆ.

5. ಸಾಕಾದಾಗ ಮೊದಲು ಸೋಲ್ಡರ್ ವೈರ್ ತೆಗೆಯಿರಿ. ಒಂದು ಕ್ಷಣ ಬಿಟ್ಟು ಐರನ್ನನ್ನು ಕಾಲಿನ ಗುಂಟ ಮೇಲಕ್ಕೆ ಎತ್ತಿ. ಸೋಲ್ಡರ್ ಗಟ್ಟಿಯಾಗುವವರೆಗೆ ಬೋರ್ಡ್ ಅಲ್ಲಾಡಿಸಬೇಡಿ, ಬಾಯಿಂದ ಊದಬೇಡಿ.

ಎಲ್ಲ ಸೇರಿ ಮೂರು ನಾಲ್ಕು ಸೆಕೆಂಡಿನ ಕೆಲಸ. ನಾಲ್ಕನೇ ಹೆಜ್ಜೆಯಲ್ಲಿ ಕಣ್ಣಿಟ್ಟು ನೋಡಿ. ವೈರ್ ತಾಗಿದ ಕೂಡಲೇ ಮೊದಲು ರೋಸಿನ್ ಜೇನಿನ ಬಣ್ಣದಲ್ಲಿ ಹರಡುತ್ತದೆ, ತೆಳ್ಳಗೆ ಹೊಗೆ ಏಳುತ್ತದೆ. ಅದರ ಹಿಂದೆಯೇ ಸೋಲ್ಡರ್ ಒಂದು ಗುಂಡು ಹನಿಯಾಗಿ ನಿಲ್ಲುತ್ತದೆ. ಮರುಕ್ಷಣ ಆ ಗುಂಡು ಕುಸಿಯುತ್ತದೆ. ಕಾಲನ್ನು ಸುತ್ತಿಕೊಂಡು, ಬಿಲ್ಲೆಯ ಅಂಚಿನವರೆಗೆ ಸರ್ರನೆ ಹರಿದು ತೆಳುವಾಗುತ್ತದೆ. ಬೆಸುಗೆ ಕೂತಿತು ಅನ್ನುವುದಕ್ಕೆ ಆ ಕುಸಿತವೇ ಗುರುತು. ಗುಂಡಾಗಿಯೇ ನಿಂತಿತು ಅಂದರೆ ಜಾಗ ಇನ್ನೂ ಕಾದಿಲ್ಲ, ಇಲ್ಲವೇ ಕೊಳೆ ಇದೆ. ಇದನ್ನು ಕಣ್ಣು ಒಂದು ಸಲ ಹಿಡಿದರೆ ಸೆಕೆಂಡ್ ಎಣಿಸುವ ಅಗತ್ಯವೇ ಇರುವುದಿಲ್ಲ.

ತಣ್ಣಗಾದ ಮೇಲೆ ಒಳ್ಳೆಯ ಬೆಸುಗೆ ಚಿಕ್ಕ ಬೆಟ್ಟದ ಹಾಗಿರುತ್ತದೆ. ಬುಡ ಅಗಲ, ಇಳಿಜಾರು ಒಳಗೆ ಬಾಗಿದ್ದು, ತುದಿಯಲ್ಲಿ ಕಾಲಿನ ಆಕಾರ ಕಾಣುತ್ತದೆ. ಸೀಸದ ಸೋಲ್ಡರ್ ಆದರೆ ಹೊಳೆಯುತ್ತದೆ. ಸೀಸವಿಲ್ಲದ್ದು ಸ್ವಭಾವದಿಂದಲೇ ಸ್ವಲ್ಪ ಮಂಕು, ಅದಕ್ಕೆ ಗಾಬರಿ ಬೇಡ. ಮಣಿಯ ಹಾಗೆ ಉಬ್ಬಿ ಕೂತಿದ್ದರೆ ಒಂದೋ ಸೋಲ್ಡರ್ ಜಾಸ್ತಿ, ಇಲ್ಲವೇ ಕೆಳಗೆ ಹಿಡಿದಿಲ್ಲ. ಕಾಲಿನ ಸುತ್ತ ಉಂಗುರದಂತೆ ಕಪ್ಪು ಗೆರೆ ಕಂಡರೆ ಅದು ಡ್ರೈ ಸೋಲ್ಡರ್, ಅಂದರೆ ಹಿಡಿಯದ ಬೆಸುಗೆ.

"ಅಂಕಲ್, ಸೋಲ್ಡರ್ ಅಂಟ್ತಾನೇ ಇಲ್ಲ" ಅಂತ ಹುಡುಗರು ಬರುತ್ತಾರೆ. ನಾನು ಮೊದಲು ನೋಡುವುದು ಅವರ ಬಿಟ್ಟನ್ನು. ಹೆಚ್ಚಿನ ಸಲ ಅದು ಕಪ್ಪಾಗಿರುತ್ತದೆ. ಆಮೇಲೆ ಬಿಡಿಭಾಗದ ಕಾಲನ್ನು ನೋಡುತ್ತೇನೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದಿದ್ದ ಕಾಲಿನ ಮೇಲೆ ಬೂದು ಪದರ ಇರುತ್ತದೆ, ಬ್ಲೇಡಿನ ಬೆನ್ನಿನಿಂದ ಕೆರೆದರೆ ಸರಿಹೋಗುತ್ತದೆ. ಶಾಖ ಏರಿಸುವುದು ಕೊನೆಯ ಉಪಾಯ. 400 ದಾಟಿಸಿದರೆ ರೋಸಿನ್ ಕೆಲಸ ಮಾಡುವ ಮೊದಲೇ ಸುಟ್ಟುಹೋಗುತ್ತದೆ, ಬಿಲ್ಲೆಯೂ ಏಳುತ್ತದೆ.

ಈಗ ಮೀಟರ್

ಗಿಡ್ಡ ಭಾಗ ಮೊದಲು, ಎತ್ತರದ್ದು ಆಮೇಲೆ. ಹಾಗೆ ಮಾಡಿದರೆ ಬೋರ್ಡ್ ಮಗುಚಿದಾಗ ಎಲ್ಲವೂ ಸಮನಾಗಿ ಕೂರುತ್ತದೆ. ರೆಸಿಸ್ಟರಿನಿಂದ ಶುರು ಮಾಡಿ. ಸೆನ್ಸರಿಗೆ ಒಂದು 10ಕೆ (10,000 ಓಮ್), ಅದರ ಮೇಲಿನ ಪಟ್ಟಿಗಳ ಬಣ್ಣ: ಕಂದು, ಕಪ್ಪು, ಕಿತ್ತಳೆ. ಎಲ್‌ಇಡಿಗಳಿಗೆ ತಲಾ ಒಂದು 330 ಓಮ್: ಕಿತ್ತಳೆ, ಕಿತ್ತಳೆ, ಕಂದು. ಐದು ಪಟ್ಟಿಯ ರೆಸಿಸ್ಟರ್ ಆದರೆ ಬಣ್ಣದ ಲೆಕ್ಕ ಬೇರೆ, ಮಲ್ಟಿಮೀಟರಿನಲ್ಲಿ ಅಳೆದೇ ಹಾಕಿ. ರೆಸಿಸ್ಟರಿಗೆ ಹಿಂದೆ ಮುಂದೆ ಇಲ್ಲ. ಎಲ್‌ಇಡಿಗೆ ಇದೆ. ಉದ್ದ ಕಾಲು ಪ್ಲಸ್, ತಲೆಯ ಅಂಚು ಚಪ್ಪಟೆ ಇರುವ ಕಡೆ ಮೈನಸ್.

ನ್ಯಾನೊ ಬೋರ್ಡನ್ನು ನೇರ ಬೆಸೆಯಬೇಡಿ. ಫೀಮೇಲ್ ಹೆಡರ್ (ಪಿನ್ ಚುಚ್ಚುವ ತೂತಿನ ಪಟ್ಟಿ) ಎರಡು ಸಾಲು ಬೆಸೆದು ಅದರಲ್ಲಿ ಚುಚ್ಚಿದರೆ ನಾಳೆ ಕೆಟ್ಟಾಗ ಕಿತ್ತು ಬದಲಾಯಿಸಬಹುದು. ನ್ಯಾನೊ ಎಷ್ಟೋ ಸಲ ಪಿನ್ ಬೆಸೆಯದೆ ಬರುತ್ತದೆ, ಎರಡು ಬದಿಗೆ 15ರಂತೆ 30 ಪಿನ್. ಪಿನ್ನುಗಳನ್ನು ಹೆಡರಿನಲ್ಲಿ ಚುಚ್ಚಿ, ಮೇಲೆ ನ್ಯಾನೊ ಕೂರಿಸಿ ಬೆಸೆದರೆ ಸಾಲು ಓರೆಯಾಗುವುದಿಲ್ಲ. ಮೊದಲು ಒಂದು ಮೂಲೆಯ ಪಿನ್ ಮಾತ್ರ ಹಾಕಿ. ಬದಿಯಿಂದ ನೋಡಿ. ಎದ್ದಿದ್ದರೆ ಆ ಒಂದನ್ನು ಮತ್ತೆ ಕಾಯಿಸಿ ಒತ್ತಿ ಕೂರಿಸಿ. ಆಮೇಲೆ ಎದುರು ಮೂಲೆ. ಅದಾದ ಮೇಲೆ ಉಳಿದವು, ಒಂದು ಬಿಟ್ಟು ಒಂದರಂತೆ. ಸಾಲಾಗಿ ಬೆಸೆಯುತ್ತಾ ಹೋದರೆ ಶಾಖ ಒಂದೇ ಕಡೆ ಕೂಡಿಕೊಂಡು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಜಿಎನ್‌ಡಿ (ಗ್ರೌಂಡ್, ಅಂದರೆ ಮೈನಸ್) ಅಂತ ಬರೆದಿರುವ ಪಿನ್ ಉಳಿದವುಗಳಿಗಿಂತ ನಿಧಾನ ಕಾಯುತ್ತದೆ. ಬೋರ್ಡಿನ ಅಗಲವಾದ ತಾಮ್ರಕ್ಕೆ ಅದು ಸೇರಿಕೊಂಡಿರುವುದರಿಂದ ಶಾಖ ಅತ್ತ ಹರಿಯುತ್ತದೆ. ಅದಕ್ಕೆ ಇನ್ನೆರಡು ಸೆಕೆಂಡ್ ಕೊಡಿ, ಅವಸರ ಬೇಡ.

ಜೋಡಣೆ ಹೀಗೆ. ಸೆನ್ಸರಿನ ಜಾಲರಿ ಮುಖ ನಿಮ್ಮ ಕಡೆ ಇಟ್ಟರೆ ಎಡದಿಂದ ಮೊದಲ ಕಾಲು 5 ವೋಲ್ಟಿಗೆ, ಎರಡನೆಯದು ನ್ಯಾನೊದ ಡಿ2ಕ್ಕೆ, ಮೂರನೆಯದು ಯಾವುದಕ್ಕೂ ಇಲ್ಲ, ನಾಲ್ಕನೆಯದು ಜಿಎನ್‌ಡಿಗೆ. 10ಕೆ ರೆಸಿಸ್ಟರ್ ಮೊದಲ ಮತ್ತು ಎರಡನೇ ಕಾಲಿನ ನಡುವೆ. ಡಿಸ್‌ಪ್ಲೇಯ ಎಸ್‌ಡಿಎ ಪಿನ್ ಎ4ಕ್ಕೆ, ಎಸ್‌ಸಿಎಲ್ ಎ5ಕ್ಕೆ. ಡಿಸ್‌ಪ್ಲೇ ಕೊಳ್ಳುವಾಗ ಮೇಲಿನ ಬರಹ ಓದಿ. ಕೆಲವದರಲ್ಲಿ ವಿಸಿಸಿ (ಪ್ಲಸ್) ಮೊದಲು, ಕೆಲವದರಲ್ಲಿ ಜಿಎನ್‌ಡಿ ಮೊದಲು ಇರುತ್ತದೆ. ಎಲ್‌ಇಡಿಗಳು ಡಿ3, ಡಿ4ಕ್ಕೆ, 330 ಓಮ್ ಮೂಲಕ. ಡಾಟ್ ಬೋರ್ಡಿನ ಹಿಂದೆ ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ದಾರಿ ಮಾಡಲು ಸೋಲ್ಡರನ್ನೇ ಎಳೆದು ಸೇತುವೆ ಕಟ್ಟಬೇಡಿ. ಕತ್ತರಿಸಿದ ರೆಸಿಸ್ಟರ್ ಕಾಲುಗಳನ್ನು ಎತ್ತಿಟ್ಟುಕೊಂಡಿದ್ದರೆ ಅವೇ ತಂತಿಯಾಗುತ್ತವೆ. ಕಾಲು ಕತ್ತರಿಸುವಾಗ ಕನ್ನಡಕ ಹಾಕಿಕೊಂಡು, ತುಂಡನ್ನು ಬೆರಳಲ್ಲಿ ಹಿಡಿದು ಕತ್ತರಿಸಿ. ಹಾರಿದ ಚೂರು ನೇರ ಕಣ್ಣಿಗೇ ಬರುತ್ತದೆ.

ಸೆನ್ಸರನ್ನು ಬೋರ್ಡಿನ ಮೇಲೆ ಕೂರಿಸಬೇಡಿ, ಬೋರ್ಡಿನ ಬಿಸಿಯನ್ನೇ ಅದು ಅಳೆಯುತ್ತದೆ. ಒಂದೆರಡು ಮೀಟರ್ ವೈರಿನಲ್ಲಿ ದೂರ ಇಳಿಬಿಡಿ. ವೈರಿನ ತುದಿ 5 ಮಿ.ಮೀ. ಸುಲಿದು, ಎಳೆಗಳನ್ನು ಹೊಸೆದು, ಸೋಲ್ಡರ್ ಹತ್ತಿಸಿಕೊಳ್ಳಿ. ಸೆನ್ಸರಿನ ಕಾಲಿಗೂ ಹಾಗೇ ಹತ್ತಿಸಿ. ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆಯನ್ನು ವೈರಿಗೆ ಈಗಲೇ ತೂರಿಸಿ ದೂರ ಸರಿಸಿಡಿ. ಬೆಸೆದ ಮೇಲೆ ಅದು ಒಳಗೆ ಹೋಗುವುದಿಲ್ಲ. ವೈರಿನ ತುದಿ, ಸೆನ್ಸರಿನ ಕಾಲು ಎರಡನ್ನೂ ಸೇರಿಸಿ ಕಾಯಿಸಿದರೆ ಒಂದಾಗುತ್ತವೆ. ಸೆನ್ಸರಿನ ಕಾಲಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಶಾಖ ಬೇಡ. ಬೇಕಾದರೆ ನೋಸ್ ಪ್ಲೈಯರಿನಿಂದ ಬುಡ ಹಿಡಿದುಕೊಳ್ಳಿ, ಶಾಖ ಅದಕ್ಕೆ ಹೋಗುತ್ತದೆ. ಸೋಲ್ಡರ್ ವೈರಿನ ಎಳೆಯೊಳಗೆ ಎಲ್ಲಿಯವರೆಗೆ ಏರಿರುತ್ತದೋ ಅಲ್ಲಿ ವೈರ್ ಕಡ್ಡಿಯಂತಾಗುತ್ತದೆ, ಎಳೆದಾಡಿದರೆ ಅಲ್ಲೇ ಮುರಿಯುತ್ತದೆ. ಅದಕ್ಕೇ ಬೋರ್ಡಿನ ಕಡೆ ವೈರನ್ನು ಟ್ಯಾಗ್ ಹಾಕಿ ಅಥವಾ ಹಾಟ್ ಗ್ಲೂ ಹಚ್ಚಿ ಬಿಗಿಯಬೇಕು.

ಹೀಟರ್, ಫಾಗರ್ (ಮಂಜಿನಂತೆ ನೀರು ಸಿಂಪಡಿಸುವ ಯಂತ್ರ) ತಾನಾಗಿ ಆನ್ ಆಗಲಿ ಅಂತ ರಿಲೇ (ಬೋರ್ಡ್ ನಡೆಸುವ ಸ್ವಿಚ್) ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. 230 ವೋಲ್ಟಿನ ಆ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಒಂದು ವಿಷಯ ಮಾತ್ರ ನೆನಪಿರಲಿ: ಸ್ಕ್ರೂ ಹಾಕಿ ಬಿಗಿಯುವ ಕಡೆ ವೈರಿನ ತುದಿಗೆ ಸೋಲ್ಡರ್ ಹತ್ತಿಸಬಾರದು. ಒತ್ತಡಕ್ಕೆ ಸೋಲ್ಡರ್ ನಿಧಾನವಾಗಿ ಚಪ್ಪಟೆಯಾಗಿ ಸರಿದು, ಸ್ಕ್ರೂ ಸಡಿಲವಾಗಿ, ಅಲ್ಲಿ ಬಿಸಿಯೇರುತ್ತದೆ. ಅಲ್ಲಿಗೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಒತ್ತಿ ಹಾಕುವುದೇ ಸರಿ.

ಕರೆಂಟ್ ಕೊಡುವ ಮೊದಲು

ನ್ಯಾನೊ, ಡಿಸ್‌ಪ್ಲೇ ಎರಡನ್ನೂ ತೆಗೆದಿಡಿ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಪಕ್ಕದ ಬಿಲ್ಲೆಗೆ ಹಾರಿದ ಕೂದಲಿನಂತಹ ಸೋಲ್ಡರ್ ಎಳೆ ಬರಿಗಣ್ಣಿಗೆ ಕಾಣುವುದಿಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು 5 ವೋಲ್ಟ್ ಮತ್ತು ಜಿಎನ್‌ಡಿ ನಡುವೆ ಹಿಡಿಯಿರಿ. ಬೀಪ್ ಬಂದರೆ ಎಲ್ಲೋ ಶಾರ್ಟ್ ಇದೆ, ಹುಡುಕದೆ ಮುಂದೆ ಹೋಗಬೇಡಿ. ಆಮೇಲೆ ಒಂದೊಂದೇ ದಾರಿಯನ್ನು ಎರಡು ತುದಿಗೆ ಹಿಡಿದು ನೋಡಿ, ಇಲ್ಲಿ ಬೀಪ್ ಬರಬೇಕು. ಎಲ್ಲ ಸರಿ ಇದ್ದರೆ ಟೂತ್‌ಬ್ರಷ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಬೋರ್ಡಿನ ಹಿಂಭಾಗ ಉಜ್ಜಿ. ಆ ಹೊತ್ತಿಗೆ ಐರನ್ ಆಫ್ ಆಗಿ ತಣ್ಣಗಾಗಿರಬೇಕು, ಅದು ಬೆಂಕಿ ಹಿಡಿಯುವ ದ್ರವ. ಒಣ ಜಾಗದಲ್ಲಾದರೆ ರೋಸಿನ್ ಉಳಿದರೂ ನಡೆಯುತ್ತದೆ. ಹುಳು ಮನೆಯಲ್ಲಿ ಅಂಟಿನ ಮೇಲೆ ಧೂಳು ಕೂತು, ಧೂಳು ತೇವ ಹಿಡಿದು ಕರೆಂಟ್ ಸೋರುತ್ತದೆ. ಒಣಗಿದ ಮೇಲೆ ಬೋರ್ಡಿನ ಹಿಂದೆ ಪಿಸಿಬಿಗೆ ಹೊಡೆಯುವ ಲ್ಯಾಕರ್ ಸ್ಪ್ರೇ ಒಂದು ಪದರ ಕೊಡಿ. ಹೆಡರಿನ ತೂತಿಗೆ ಹೋಗದಂತೆ ಟೇಪ್ ಅಂಟಿಸಿ. ಸೆನ್ಸರಿಗೆ ಆಲ್ಕೋಹಾಲೂ ಬೇಡ, ಲ್ಯಾಕರೂ ಬೇಡ.

ತಪ್ಪಿದ್ದನ್ನು ಬಿಡಿಸುವುದು

ಬೆಸುಗೆ ಬಿಡಿಸಲು ಮೊದಲು ಅದಕ್ಕೆ ಹೊಸ ಸೋಲ್ಡರ್ ಸ್ವಲ್ಪ ಸೇರಿಸಿ. ಕೇಳಲು ವಿಚಿತ್ರ, ಆದರೆ ಹೊಸದರಲ್ಲಿನ ರೋಸಿನ್ ಹಳೆಯದನ್ನೂ ಹರಿಯುವಂತೆ ಮಾಡುತ್ತದೆ. ಯುರೋಪಿನಲ್ಲಿ 2006ರ ಜುಲೈನಿಂದ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣ ಬಿದ್ದ ಮೇಲೆ ಕಂಪನಿ ಬೋರ್ಡುಗಳಲ್ಲಿ ಇರುವುದು ಬಹುಪಾಲು ಸೀಸವಿಲ್ಲದ ಸೋಲ್ಡರ್. 25 ವ್ಯಾಟಿಗೆ ಅದು ಬೇಗ ಕರಗುವುದಿಲ್ಲ. ಅದಕ್ಕೆ 60/40 ಬೆರೆಸಿದರೆ ಬೇಗ ಕರಗುತ್ತದೆ. ಪೂರ್ತಿ ನೀರಾದ ಮೇಲೆ ಪಂಪಿನ ಮೂತಿಯನ್ನು ಹತ್ತಿರ ತಂದು ಗುಂಡಿ ಒತ್ತಿ. ಬಿಡಲಿಲ್ಲವೆಂದು ಭಾಗವನ್ನು ಹಿಡಿದು ಎಳೆಯಬೇಡಿ. ಬೋರ್ಡ್ ತಣ್ಣಗಾಗಲಿ, ಇನ್ನೊಮ್ಮೆ ಸೋಲ್ಡರ್ ಹಾಕಿ ಪಂಪಿನಿಂದ ಎಳೆಯಿರಿ. ಮನೆಯ ಯುಪಿಎಸ್, ಹಳೆಯ ಟಿವಿ ತಟ್ಟಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ ಅನ್ನುವ ರೋಗಕ್ಕೂ ಇದೇ ಮದ್ದು. ಟ್ರಾನ್ಸ್‌ಫಾರ್ಮರ್, ಕನೆಕ್ಟರಿನಂತಹ ಭಾರದ ಭಾಗಗಳ ಕಾಲಿನ ಸುತ್ತ ಉಂಗುರದ ಬಿರುಕು ಇರುತ್ತದೆ, ಹಳೆಯದನ್ನು ಎಳೆದು ಹೊಸದಾಗಿ ಬೆಸೆಯಬೇಕು. ಪ್ಲಗ್ ಕಿತ್ತ ಮೇಲೂ ಅವುಗಳ ದೊಡ್ಡ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಗೊತ್ತಿರುವವರು ಜೊತೆಗಿಲ್ಲದೆ ಅವನ್ನು ಬಿಚ್ಚಬೇಡಿ.

ಕೈ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್ ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ. ಐರನ್ ಆಫ್ ಮಾಡುವ ಮೊದಲು ತುದಿಗೆ ಹೊಸ ಸೋಲ್ಡರ್ ದಪ್ಪಗೆ ಹತ್ತಿಸಿ, ಒರೆಸದೆ ಹಾಗೇ ಬಿಡಿ. ಮುಂದಿನ ಸಲ ತುದಿ ಕಪ್ಪಾಗಿರುವುದಿಲ್ಲ.

ಮೀಟರ್ ಸಿದ್ಧವಾದ ಮೇಲೆ ಒಂದು ದಿನ ನಿಮ್ಮ ಹಳೆಯ ಒದ್ದೆ-ಒಣ ಥರ್ಮಾಮೀಟರ್ ಪಕ್ಕ ನೇತು ಹಾಕಿ ಹೋಲಿಸಿ. ಡಿಎಚ್‌ಟಿ22ರ ಅಳತೆಯಲ್ಲಿ ಶಾಖ ಅರ್ಧ ಡಿಗ್ರಿ, ತೇವ ಶೇ. 2ರಷ್ಟು ಆಚೀಚೆ ಆಗುವುದು ಸಹಜ. ಸೆನ್ಸರನ್ನು ಗೋಡೆಗೆ ತಾಗಿಸದೆ, ನಡು ತಟ್ಟೆಯ ಎತ್ತರಕ್ಕೆ ಕಟ್ಟಿ. ಬೆಳೆ ಮುಗಿದು ಹುಳು ಮನೆಗೆ ಔಷಧಿ ಹೊಡೆಯುವಾಗ ಅದನ್ನು ಬಿಚ್ಚಿ ಹೊರಗಿಡಿ. ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಆವಿ ಕುಡಿದ ಸೆನ್ಸರ್ ಆಮೇಲೆ ತೇವವನ್ನು ಸರಿಯಾಗಿ ತೋರಿಸುವುದಿಲ್ಲ.